ರೈಟ್, ರೈಟ್

ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಗೂಟಕ್ಕೆ ಹಳೆಯ ಚರ್ಮದ ಚೀಲ ತೂಗುತ್ತದೆ. ಅದರ ಕೆಳಗೆ, ಮಂಚದ ಬದಿಗೆ, ನನ್ನ ಹಾರ್ಮೋನಿಯಂ ಇದೆ. ನಮ್ಮ ಕಡೆ ಅದಕ್ಕೆ ಪೇಟಿ ಅನ್ನುತ್ತೇವೆ. ಚೀಲ ನಮ್ಮ ಯಜಮಾನರದು. ಅವರು 35 ವರ್ಷ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ನಾನು 38 ವರ್ಷ ಪ್ರಾಥಮಿಕ ಶಾಲೆಯ ಟೀಚರ್. ಹಾಡು ನನ್ನ ಇಲಾಖೆ, ಲೆಕ್ಕ ಅವರ ಇಲಾಖೆ ಎಂದು ಯಾರೂ ಹೇಳದೆಯೇ ನಮ್ಮಲ್ಲಿ ಹಂಚಿಕೆ ಆಗಿಹೋಗಿತ್ತು. ಆ ಹಂಚಿಕೆ ತಪ್ಪು ಎಂದು ತಿಳಿಯಲು ನನಗೆ 66 ವರ್ಷ ತುಂಬಬೇಕಾಯಿತು.

ನನಗೆ ಹಾಡಿನ ಹುಚ್ಚು ಹತ್ತಿಸಿದವರು ನಮ್ಮಪ್ಪ. ಹಗಲೆಲ್ಲ ಹೊಲದಲ್ಲಿ ದುಡಿದು, ರಾತ್ರಿ ಊಟವಾದ ಮೇಲೆ ಗುಡಿಯ ಕಟ್ಟೆಗೆ ಹೋಗಿ ಏಕತಾರಿ ಹಿಡಿದು ಕೂಡುವರು. ಕಡಕೋಳ ಮಡಿವಾಳಪ್ಪನವರ ತತ್ವಪದಗಳು ಅವರಿಗೆ ಬಾಯಿಪಾಠ. ಓದು ಬರಹ ಬರುತ್ತಿರಲಿಲ್ಲ. ನಾನು ಅವರ ಮಡಿಲಲ್ಲಿ ಕೂತು ಏಕತಾರಿಯ ಬುರುಡೆಗೆ ಕಿವಿ ಹಚ್ಚುತ್ತಿದ್ದೆ. ಒಳಗೆ ಜೇನು ಗುಂಯ್‌ಗುಡುವಂತೆ ಕೇಳಿಸುತ್ತಿತ್ತು.

ದೊಡ್ಡವಳಾದ ಮೇಲೆ ಪೇಟಿ ಕಲಿಸಿದವರು ಕಣ್ಣು ಕಾಣದ ಒಬ್ಬ ಗವಾಯಿಗಳು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಬೆಳೆದವರು. ಪಂಚಾಕ್ಷರಿ ಗವಾಯಿಗಳು ಕಟ್ಟಿ, ಪುಟ್ಟರಾಜ ಗವಾಯಿಗಳು ಬೆಳೆಸಿದ ಆ ಆಶ್ರಮದಲ್ಲಿ ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಅನ್ನವೂ ಸಿಗುತ್ತಿತ್ತು, ಸಂಗೀತವೂ ಸಿಗುತ್ತಿತ್ತು. ಅಲ್ಲಿ ಕಲಿತವರು ಉತ್ತರ ಕರ್ನಾಟಕದ ಊರೂರಿಗೆ ಹೋಗಿ ಪಾಠ ಹೇಳಿದರು. ಅಂಥವರೊಬ್ಬರು ನಮ್ಮ ಪಾಲಿಗೂ ಬಂದದ್ದು ನನ್ನ ಪುಣ್ಯ. ನಾನು ತಪ್ಪು ಸ್ವರ ಒತ್ತಿದರೆ ಅವರು ಬೈಯುತ್ತಿರಲಿಲ್ಲ, ಹಲ್ಲು ನೋವು ಬಂದವರಂತೆ ಗಲ್ಲಕ್ಕೆ ಕೈ ಇಟ್ಟುಕೊಳ್ಳುವರು. ಅದೇ ಸಾಕಾಗುತ್ತಿತ್ತು.

1978ರಲ್ಲಿ ನನಗೆ ನೌಕರಿ ಸಿಕ್ಕಿದ್ದು ಕಮಲಾಪುರದಲ್ಲಿ. ಕಲಬುರಗಿಯಿಂದ ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿ.ಮೀ. ದೂರ. ಈಗ ಅದು ತಾಲ್ಲೂಕು ಕೇಂದ್ರ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು. ಸಿಪ್ಪೆ ಕುಂಕುಮದ ಬಣ್ಣ, ತಿರುಳು ಬೆಣ್ಣೆಯ ಹಾಗೆ. ನನ್ನ ತರಗತಿಯಲ್ಲಿ ಕನ್ನಡ ಮನೆಮಾತಿನ ಮಕ್ಕಳ ಜೊತೆ ಉರ್ದು ಮಾತಾಡುವ ಮಕ್ಕಳು, ತಾಂಡಾದಿಂದ ಬರುವ ಲಂಬಾಣಿ ಮಕ್ಕಳು ಎಲ್ಲ ಇದ್ದರು. ನಾನು ಹೇಳಿದ ಕನ್ನಡ ಅರ್ಧದಷ್ಟು ಮಕ್ಕಳಿಗೆ ತಿಳಿಯುತ್ತಿರಲಿಲ್ಲ. ಆದರೆ ಹಾಡಿದರೆ ಎಲ್ಲರೂ ನನ್ನ ಹಿಂದೆ ಬರುತ್ತಿದ್ದರು. ಹಾಗಾಗಿ ಮಗ್ಗಿಗೊಂದು ಧಾಟಿ, ತಿಂಗಳ ಹೆಸರಿಗೊಂದು ಧಾಟಿ, ಕಾಗುಣಿತಕ್ಕೊಂದು ಧಾಟಿ ಹಚ್ಚಿದೆ. ಶನಿವಾರದ ಬೆಳಗಿನ ಶಾಲೆಗೆ ಪೇಟಿಯನ್ನೇ ಒಯ್ಯುತ್ತಿದ್ದೆ. ಮಕ್ಕಳ ಬಾಯಲ್ಲಿ ನಾನು ‘ಪೇಟಿ ಟೀಚರ್’ ಆದೆ.

ಆ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಮಾತಾಡಿದರೆ ತೊದಲುತ್ತಿದ್ದ. ಹಾಜರಿ ಕರೆದಾಗ ‘ಹಾಜರ್’ ಅನ್ನಲು ಹೋಗಿ ‘ಹಾ... ಹಾ...’ ಎಂದು ನಿಂತುಬಿಡುವನು. ಮಕ್ಕಳು ನಗುವರು, ಅವನು ಕಣ್ಣಲ್ಲಿ ನೀರು ತುಂಬಿಕೊಂಡು ಕೂಡುವನು. ಆದರೆ ಮಗ್ಗಿ ಹಾಡುವಾಗ ಅವನ ದನಿ ಒಂದು ಸಲವೂ ತಡವರಿಸುತ್ತಿರಲಿಲ್ಲ. ಒಂದು ದಿನ ನಾನು ಅವನ ಹೆಸರನ್ನು ಮಗ್ಗಿಯ ಧಾಟಿಯಲ್ಲೇ ಹಾಡಿ ಕರೆದೆ. ಅವನೂ ಧಾಟಿಯಲ್ಲೇ ‘ಹಾಜರ್ ಟೀಚರ್’ ಅಂದ. ಮರುದಿನದಿಂದ ಇಡೀ ತರಗತಿಗೆ ಹಾಡಿನ ಹಾಜರಿ. ಆಮೇಲೆ ಅವನು ಯಾರು, ಉಳಿದವರು ಯಾರು ಎಂದು ಬೇರೆ ಮಾಡಿ ನೋಡುವುದೇ ಆಗಲಿಲ್ಲ. ತೊದಲುವವರು ಹೆಚ್ಚಾಗಿ ಹಾಡುವಾಗ ತೊದಲುವುದಿಲ್ಲ ಎಂಬುದು ವೈದ್ಯರಿಗೆ ಗೊತ್ತಿರುವ ಸಂಗತಿಯಂತೆ. ನನಗೆ ಅದು ಗೊತ್ತಿರಲಿಲ್ಲ, ಆ ಹುಡುಗನೇ ಕಲಿಸಿದ.

1981ರಲ್ಲಿ ನನ್ನ ಮದುವೆಯಾಯಿತು. ಕಲಬುರಗಿಯ ಬ್ರಹ್ಮಪುರದಲ್ಲಿ ಮನೆ ಮಾಡಿದೆವು. ನಾನು ದಿನಾ ಬಸ್ಸಿನಲ್ಲಿ ಕಮಲಾಪುರಕ್ಕೆ ಹೋಗಿ ಬರುವುದು. ವಾರಕ್ಕೆ ಎರಡು ಮೂರು ದಿನ ಅದು ನಮ್ಮ ಯಜಮಾನರದೇ ಬಸ್ಸು. ಗಂಡನ ಬಸ್ಸೆಂದು ಪುಕ್ಕಟೆ ಪ್ರಯಾಣ ಇರಬಹುದು ಅಂದುಕೊಂಡೀರಿ! ಎಲ್ಲರಿಗೂ ಚೀಟಿ ಹರಿದು, ಕೊನೆಗೆ ನನ್ನ ಮುಂದೆ ಬಂದು ಗುರುತೇ ಇಲ್ಲದವರ ಹಾಗೆ ಕೈ ಚಾಚುವರು. ಮೊದಲ ಶನಿವಾರ ಪೇಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ.

‘‘ಇದಕ್ಕೂ ಲಗೇಜ್ ಚೀಟಿ ಆಗ್ತದ’’ ಅಂದರು.

‘‘ಮನಿ ಪೇಟಿ ಅದ ರೀ ಇದು’’ ಅಂದೆ ಮೆಲ್ಲಗೆ.

‘‘ಬಸ್ಸು ಮನೀದಲ್ಲ’’ ಅಂದವರೇ ಚೀಟಿ ಹರಿದು ಕೊಟ್ಟರು. ಹಿಂದಿನ ಸೀಟಿನ ಮುದುಕರೊಬ್ಬರು ನಕ್ಕದ್ದು ಈಗಲೂ ನೆನಪಿದೆ. ಎರಡು ದಿನ ನಾನು ಅವರ ಜೊತೆ ಮಾತಾಡಲಿಲ್ಲ. ಈಗ ನೆನೆದರೆ ಹೆಮ್ಮೆ ಅನಿಸುತ್ತದೆ.

ಬಸ್ ನಿಲ್ದಾಣದಲ್ಲಿ ಅವರು ಕೂಗುವುದನ್ನು ದಿನಾ ಕೇಳುತ್ತಿದ್ದೆ. ‘‘ಮಹಾಗಾಂವ ಕ್ರಾಸ್, ಕಮಲಾಪುರ, ಹುಮನಾಬಾದ, ಬೀದರ!’’ ವಾಪಸು ಬರುವಾಗ ‘‘ಗುಲಬರ್ಗಾ, ಗುಲಬರ್ಗಾ, ಗುಲಬರ್ಗಾ!’’ 2014ರ ನವೆಂಬರ್ 1ರಂದು ಸರ್ಕಾರದ ದಫ್ತರದಲ್ಲಿ ಗುಲಬರ್ಗಾ ಹೋಗಿ ಕಲಬುರಗಿ ಬಂತು. ಮನೆಯಲ್ಲಿ ನಾವು ಮೊದಲಿನಿಂದಲೂ ಕಲಬುರಗಿ ಅನ್ನುವವರೇ. ಆದರೆ ಕೂಗಿನಲ್ಲಿ ಅದು ಕೂಡುತ್ತಿಲ್ಲ ಎಂದು ಅವರು ಗೊಣಗಿದರು. ‘‘ಒಂದು ಅಕ್ಷರ ಹೆಚ್ಚಾಗ್ಯದ, ಬಾಗಿಲದಾಗ ನಿಂತ ಪ್ಯಾಸೆಂಜರ್ ಹಂಗ ಹೊರಗೇ ಉಳೀತದ’’ ಅಂದರು. ಮರುವರ್ಷ ನಿವೃತ್ತರಾಗುವವರೆಗೂ ಅವರಿಗೆ ಅದರದೇ ಚಿಂತೆ. ನಾನು ನಕ್ಕುಬಿಟ್ಟೆ. ಅಕ್ಷರ ಕೂಡುತ್ತಿಲ್ಲ ಎಂದು ಚಿಂತಿಸುವವನು ಹಾಡುಗಾರನೇ ಅಲ್ಲವೆ? ಸಂಗೀತ ಪರೀಕ್ಷೆ ಪಾಸು ಮಾಡಿದ ನನಗೆ ಅದು ಹೊಳೆಯಲಿಲ್ಲ.

ಈಗ ನನ್ನ ತಪ್ಪನ್ನು ಹೇಳಬೇಕು. ಮಕ್ಕಳು ಓದುವ ಪತ್ರಿಕೆ ಇದು, ದೊಡ್ಡವರೂ ತಪ್ಪು ಮಾಡುತ್ತಾರೆ ಎಂದು ಮಕ್ಕಳಿಗೆ ಗೊತ್ತಿರಬೇಕು.

1984ರಲ್ಲಿ ನಾನು ಸಂಗೀತದ ಸೀನಿಯರ್ ಪರೀಕ್ಷೆಗೆ ಕಟ್ಟಿದ್ದೆ. ಮಗ ತೊಟ್ಟಿಲಲ್ಲಿ. ಅಡಿಗೆ, ಶಾಲೆ, ಬಸ್ಸು ಎಲ್ಲ ಮುಗಿದು ಪೇಟಿ ತೆಗೆಯುವಷ್ಟರಲ್ಲಿ ರಾತ್ರಿ ಒಂಬತ್ತು. ಒಂದು ದಿನ ಗವಾಯಿಗಳು ಮನೆಗೇ ಬಂದು ಪಾಠ ನೋಡುತ್ತಿದ್ದರು. ಯಜಮಾನರು ಕೊನೆಯ ಟ್ರಿಪ್ ಮುಗಿಸಿ ಬಂದು, ಕಾಲು ತೊಳೆದು, ಗೋಡೆಗೆ ಒರಗಿ ಕೂತರು. ಆ ದಿನ ಖುಷಿಯಲ್ಲಿದ್ದರೋ ಏನೋ, ನಾನು ಹಾಡುತ್ತಿದ್ದ ಭಜನೆಗೆ ತಾವೂ ದನಿಗೂಡಿಸಿದರು. ದನಿ ನನ್ನ ಸ್ವರಕ್ಕಿಂತ ಒಂದಿಷ್ಟು ಆಚೆ ಹೋಯಿತು. ಗುರುಗಳ ಮುಂದೆ ನನಗೆ ನಾಚಿಕೆ.

‘‘ನೀವು ಸುಮ್ಮನಿರ್ರಿ, ಶ್ರುತಿ ಕೆಡ್ತದ’’ ಅಂದೆ.

ಅವರು ಬೇಸರ ಮಾಡಿಕೊಳ್ಳಲಿಲ್ಲ. ಬಸ್ಸು ಬಿಡುವಾಗ ಅನ್ನುವ ಹಾಗೆ ‘‘ರೈಟ್’’ ಅಂದು ನಕ್ಕು, ತೊಟ್ಟಿಲು ತೂಗುತ್ತ ಕೂತರು. ಪಾಠ ಮುಂದುವರಿಯಿತು. ನಾನು ಪರೀಕ್ಷೆ ಪಾಸಾದೆ. ಆ ಮಾತನ್ನು ಮರೆತೂಬಿಟ್ಟೆ.

2016ರಲ್ಲಿ ನಾನೂ ನಿವೃತ್ತಳಾದೆ. ಬೆಳಿಗ್ಗೆ ಪೇಟಿ, ಸಂಜೆ ಶರಣಬಸವೇಶ್ವರ ಗುಡಿಯ ಕಡೆ ಒಂದು ಸುತ್ತು, ಓಣಿಯ ನಾಲ್ಕು ಮಕ್ಕಳಿಗೆ ಸರಳೆ ಪಾಠ. ಯಜಮಾನರು ಪೇಪರ್ ಹಿಡಿದು ಎದುರಿಗೆ ಕೂಡುವರು. ಹಾಗೇ ದಿನ ಕಳೆಯುತ್ತಿತ್ತು.

2022ರ ಎಳ್ಳ ಅಮಾವಾಸ್ಯೆ. ನಮ್ಮ ಭಾಗದವರಿಗೆ ಅದು ದೊಡ್ಡ ಹಬ್ಬ. ಎಲ್ಲರೂ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ, ಕಡುಬು ಉಂಡು ಬಂದೆವು. ಮರುದಿನ ಬೆಳಿಗ್ಗೆ ಯಜಮಾನರ ಕೈಯಿಂದ ಚಹದ ಬಟ್ಟಲು ಜಾರಿ ಬಿತ್ತು. ನಿನ್ನೆಯ ದಣಿವು ಅಂದುಕೊಂಡೆ ನಾನು. ಆದರೆ ಐದನೆಯ ತರಗತಿಯ ನನ್ನ ಮೊಮ್ಮಗಳು ಅವರ ಮುಖವನ್ನೇ ನೋಡುತ್ತ ನಿಂತಳು.

‘‘ಮುತ್ಯಾ, ಸ್ವಲ್ಪ ನಗು’’ ಅಂದಳು. ಬಾಯಿ ಒಂದು ಬದಿಗೆ ಮಾತ್ರ ಅರಳಿತು. ‘‘ಎರಡೂ ಕೈ ಮ್ಯಾಲ ಎತ್ತು’’ ಅಂದಳು. ಬಲಗೈ ಏಳಲಿಲ್ಲ. ‘‘ಆಯಿ, ಇದು ಲಕ್ವಾ. ಶಾಲ್ಯಾಗ ಹೇಳಿಕೊಟ್ಟಾರ’’ ಎಂದು ಕೂಗಿದಳು.

ಮಕ್ಕಳೇ, ನೀವೂ ನೆನಪಿಟ್ಟುಕೊಳ್ಳಿ. ಮುಖ ಸೊಟ್ಟಗಾಗುವುದು, ಒಂದು ಕೈ ಬಲ ಕಳೆದುಕೊಳ್ಳುವುದು, ಮಾತು ತೊದಲುವುದು: ಈ ಮೂರರಲ್ಲಿ ಒಂದು ಕಂಡರೂ ಕಾಯಬಾರದು. 108ಕ್ಕೆ ಫೋನು ಮಾಡಬೇಕು. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ನಾವು ಒಂದು ಗಂಟೆಯೊಳಗೆ ಆಸ್ಪತ್ರೆ ಮುಟ್ಟಿದೆವು. ನಮ್ಮ ಯಜಮಾನರ ಜೀವ ಉಳಿದದ್ದು ಹತ್ತು ವರ್ಷದ ಹುಡುಗಿಯ ಕಣ್ಣಿನಿಂದ.

ಎರಡು ತಿಂಗಳಲ್ಲಿ ಅವರು ಕೋಲು ಹಿಡಿದು ನಡೆದರು. ಆದರೆ ಮಾತು ಹೋಯಿತು. ನಾವು ಹೇಳಿದ್ದೆಲ್ಲ ತಿಳಿಯುತ್ತಿತ್ತು. ಹೇಳಬೇಕೆಂದರೆ ಅವರ ಬಾಯಿಂದ ಬರುತ್ತಿದ್ದದ್ದು ಒಂದೇ ಶಬ್ದ: ‘‘ರೈಟ್.’’ ನೀರು ಬೇಕಾದರೂ ರೈಟ್, ಬೇಡವಾದರೂ ರೈಟ್. ಕಾಲು ನೋಯುತ್ತದೆ ಎಂದು ಅಳುವಾಗಲೂ ರೈಟ್. ನಾನು ತಪ್ಪು ತಿಳಿದು ಚಾದರ ಹೊದಿಸಿದರೆ, ಸಿಟ್ಟಿನಿಂದ ಅದನ್ನು ಒದ್ದು ‘‘ರೈಟ್! ರೈಟ್!’’ ಎಂದು ಕೂಗುವರು. ಆ ಶಬ್ದ ಕೇಳಿದರೆ ಹೊಟ್ಟೆಯಲ್ಲಿ ಕಲಸಿದಂತೆ ಆಗುತ್ತಿತ್ತು. ನಾನು ಪೇಟಿಗೆ ಬಟ್ಟೆ ಮುಚ್ಚಿ ಇಟ್ಟುಬಿಟ್ಟೆ.

ಮಾತಿನ ಚಿಕಿತ್ಸೆ ಮಾಡುವ ಹುಡುಗಿ ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದಳು. ನನ್ನ ಮಗಳ ವಯಸ್ಸಿನವಳು. ಅವಳು ಒಂದು ಕಥೆ ಹೇಳಿದಳು. ಪ್ಯಾರಿಸ್ ನಗರದಲ್ಲಿ ಪಾಲ್ ಬ್ರೋಕಾ ಎಂಬ ವೈದ್ಯರ ಹತ್ತಿರ 1861ರಲ್ಲಿ ಒಬ್ಬ ರೋಗಿ ಬಂದ. 20ಕ್ಕೂ ಹೆಚ್ಚು ವರ್ಷಗಳಿಂದ ಅವನ ಬಾಯಲ್ಲಿ ‘ಟಾನ್’ ಎಂಬ ಒಂದೇ ಶಬ್ದ. ಅವನು ತೀರಿಕೊಂಡ ಮೇಲೆ ನೋಡಿದರೆ ಮೆದುಳಿನ ಎಡಭಾಗದ ಮುಂಬದಿ ಹಾಳಾಗಿತ್ತು. ಮಾತು ಹೊರಡಿಸುವ ಕೆಲಸಕ್ಕೆ ಮೆದುಳಿನಲ್ಲಿ ಒಂದು ಜಾಗವಿದೆ ಎಂಬುದು ಲೋಕಕ್ಕೆ ತಿಳಿದದ್ದು ಹೀಗೆ. ನಮ್ಮ ಯಜಮಾನರಿಗೂ ಪೆಟ್ಟು ಬಿದ್ದದ್ದು ಎಡಭಾಗಕ್ಕೆ.

‘‘ಆದ್ರ ಹಾಡಿನ ಕೆಲಸದಾಗ ಮೆದುಳಿನ ಬಲಭಾಗಾನೂ ಕೂಡ್ತದ್ರಿ ಅಮ್ಮ’’ ಅಂದಳು ಹುಡುಗಿ. ‘‘ಅದಕ್ಕ ಮಾತು ಹೋದವರು ಎಷ್ಟೋ ಮಂದಿ ಹಾಡ್ತಾರ. ಅಮೆರಿಕಾದ ಬಾಸ್ಟನ್‌ದಾಗ 1973ರಿಂದ ಇದನ್ನೇ ಚಿಕಿತ್ಸೆ ಮಾಡ್ಯಾರ. ಎಲ್ಲರಿಗೂ ಆಗ್ತದಂತ ಹೇಳಲ್ಲ. ನಿಮ್ಮ ಮನ್ಯಾಗ ಪೇಟಿನೇ ಅದ. ಅಪ್ಪಾರಿಗಿ ಯಾವ ಹಾಡು ಬರ್ತದ?’’

‘‘ಅವರು ಹಾಡೋದಿಲ್ಲ’’ ಅಂದೆ.

‘‘ಯಾವಾಗೂ ಹಾಡಿಲ್ಲ?’’

ಇಲ್ಲ ಎಂದು ಹೇಳಲು ಬಾಯಿ ತೆರೆದೆ. ಆಗ ನೆನಪಾಯಿತು. ಗೋಡೆಗೆ ಒರಗಿದ್ದ ಅವರು, ಗವಾಯಿಗಳು, ತೊಟ್ಟಿಲು. ಲೆಕ್ಕ ಹಾಕಿದೆ. ಆ ರಾತ್ರಿಯಿಂದ ಮುಂದೆ 38 ವರ್ಷ ನಮ್ಮ ಮನೆಯಲ್ಲಿ ಅವರು ಒಂದು ಸಲವೂ ಗುನುಗಿದ್ದನ್ನು ನಾನು ಕೇಳಿಲ್ಲ. ಕೇಳಿಲ್ಲ ಎಂಬುದನ್ನೂ ಗಮನಿಸಿಲ್ಲ. ತೊದಲುವ ಹುಡುಗನನ್ನು ಹಾಡಿಸಿ ಶಹಬ್ಬಾಸ್ ಅನ್ನಿಸಿಕೊಂಡ ಪೇಟಿ ಟೀಚರ್, ತನ್ನ ಮನೆಯವರ ಬಾಯಿ ಮುಚ್ಚಿಸಿದ್ದಳು.

ಆ ಸಂಜೆ ಪೇಟಿಯ ಬಟ್ಟೆ ತೆಗೆದು ಅದೇ ಭಜನೆ ನುಡಿಸಿದೆ. ‘‘ಬರ್ರಿ, ಕೂಡಿ ಹಾಡೋಣು’’ ಅಂದೆ. ಅವರು ತಲೆ ಅಲ್ಲಾಡಿಸಿದರು. ಎಡಗೈಯ ಬೆರಳನ್ನು ತುಟಿಯ ಮೇಲೆ ಇಟ್ಟುಕೊಂಡು, ಆಮೇಲೆ ಪೇಟಿಯ ಕಡೆ ತೋರಿಸಿದರು. ಅಂದರೆ ಅವರಿಗೂ ನೆನಪಿತ್ತು.

‘‘ನಾ ಅವತ್ತು ತಪ್ಪು ಮಾತಾಡಿದ್ದೆ ರೀ’’ ಅಂದೆ. ‘‘ರೈಟ್’’ ಅಂದರು. ಕ್ಷಮಿಸಿದೆ ಎಂದು ಅಂದರೋ, ಹೌದು ತಪ್ಪೇ ಎಂದು ಅಂದರೋ ತಿಳಿಯಲಿಲ್ಲ. ಹಾಡಲಂತೂ ಇಲ್ಲ. ಹೀಗೇ ಮೂರು ತಿಂಗಳು ಹೋದವು.

ಜೂನ್‌ನಲ್ಲಿ, ಕಾರ ಹುಣ್ಣಿಮೆಗೆ ಮುಂಚೆ, ಕಮಲಾಪುರದಿಂದ ಫೋನು ಬಂತು. ಮಾಡಿದವನು ಅದೇ ತೊದಲುವ ಹುಡುಗ. ಈಗ ಅವನಿಗೇ ಮೊಮ್ಮಕ್ಕಳಿದ್ದಾರೆ, ಬಾಳೆ ತೋಟ ಇದೆ. ‘‘ಟೀಚರ್, ಸರ್‌ನ ಕ... ಕರ್ಕೊಂಡು ಬರ್ರಿ. ತ್ವಾಟ ನೋಡ್ಲಿ’’ ಅಂದ. ಕಾರು ಕಳಿಸುತ್ತೇನೆ ಅಂದರೂ ನಾನು ಬೇಡ ಅಂದೆ. ಯಜಮಾನರಿಗೆ ಬಸ್ಸು ಅಂದರೆ ಮುಖ ಬೆಳಗುತ್ತದೆ ಎಂದು ಗೊತ್ತಿತ್ತು. ಮೊಮ್ಮಗಳೂ ಹೊರಟಳು.

ಕಲಬುರಗಿಯ ಕೇಂದ್ರ ಬಸ್ ನಿಲ್ದಾಣದಲ್ಲಿ ಕಲ್ಲುಬೆಂಚಿನ ಮೇಲೆ ಕೂತಿದ್ದೆವು. ಬೀದರಿನ ಬಸ್ಸು ಬಂದು ನಿಂತಿತು. ಮೀಸೆ ಇನ್ನೂ ಸರಿಯಾಗಿ ಮೂಡದ ಕಂಡಕ್ಟರ್ ಇಳಿದು, ಮೊಬೈಲು ನೋಡುತ್ತ, ಒಣದನಿಯಲ್ಲಿ ‘‘ಬೀದರ, ಬೀದರ’’ ಅಂದ. ನಮ್ಮ ಯಜಮಾನರು ಅವನನ್ನು ಒಂದು ಕ್ಷಣ ನೋಡಿದರು. ಕೋಲು ಊರಿ ಎದ್ದು ನಿಂತರು. ಎದೆ ತುಂಬ ಉಸಿರು ಎಳೆದುಕೊಂಡರು.

‘‘ಮಹಾಗಾಂವ ಕ್ರಾಸ್, ಕಮಲಾಪುರ, ಹುಮನಾಬಾದ, ಬೀದರ!’’

ಒಂದು ಅಕ್ಷರ ತಪ್ಪಲಿಲ್ಲ. ಅದೇ ಏರು, ಅದೇ ಇಳಿವು. ನಿಲ್ದಾಣದ ಮಂದಿ ತಿರುಗಿ ನೋಡಿದರು. ಒಬ್ಬ ಹೆಣ್ಣುಮಗಳು ನಿಜವಾಗಿಯೂ ಗಂಟು ಎತ್ತಿಕೊಂಡು ಅವರ ಕಡೆ ಓಡಿ ಬಂದು ‘‘ಕಮಲಾಪುರಕ್ಕ ಎಷ್ಟಪ್ಪಾ?’’ ಅಂದಳು. ಮೊಮ್ಮಗಳು ಕುಣಿದಳು. ‘‘ಆಯಿ, ಮುತ್ಯಾ ಮಾತಾಡಿದ!’’ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಅವರು ಮಾತಾಡಿರಲಿಲ್ಲ, ಹಾಡಿದ್ದರು. 35 ವರ್ಷ ದಿನಾ ಹಾಡಿದ್ದರು. ನಾನು ಅದನ್ನು ಕೂಗು ಅಂದುಕೊಂಡಿದ್ದೆ.

ಆ ದಿನ ತೋಟದಲ್ಲಿ ನನ್ನ ಶಿಷ್ಯ ಒಂದು ಗೊನೆ ತೋರಿಸಿ ಹೇಳಿದ, ಬೇರೆ ಬಾಳೆ ಒಂದು ವರ್ಷಕ್ಕೆ ಕೈಗೆ ಬಂದರೆ ಕೆಂಪು ಬಾಳೆಗೆ ಹದಿನೆಂಟು ತಿಂಗಳು ಬೇಕು. ‘‘ಅವಸರ ಮಾಡಿದ್ರ ಬ... ಬರಂಗಿಲ್ಲ ಟೀಚರ್.’’ ಅವನು ಬಾಳೆಯ ಮಾತು ಹೇಳಿದ್ದ, ನಾನು ಅದನ್ನು ಬೇರೆಯದಕ್ಕೂ ಕಟ್ಟಿಕೊಂಡು ಬಂದೆ.

ಮನೆಗೆ ಬಂದು ಅವರ ಕೂಗನ್ನು ಪೇಟಿಯ ಮೇಲೆ ಹುಡುಕಿದೆ. ‘ಮಹಾಗಾಂವ’ ಷಡ್ಜದಲ್ಲಿ, ‘ಕ್ರಾಸ್’ ರಿಷಭಕ್ಕೆ ಏರಿ, ‘ಕಮಲಾಪುರ’ ಗಾಂಧಾರದಲ್ಲಿ ನಿಂತು, ‘ಹುಮನಾಬಾದ’ ಇಳಿದು, ‘ಬೀದರ’ ಮತ್ತೆ ಷಡ್ಜಕ್ಕೆ. ಆದರೆ ಆ ಗಾಂಧಾರ ಸಿಗಲೊಲ್ಲದು. ಕೋಮಲ ಗಾಂಧಾರ ಒತ್ತಿದರೆ ಕಡಿಮೆ, ಶುದ್ಧ ಗಾಂಧಾರ ಒತ್ತಿದರೆ ಹೆಚ್ಚು. ಅವರ ಸ್ವರ ಪೇಟಿಯ ಎರಡು ಮನೆಗಳ ನಡುವೆ ಇತ್ತು.

ಇಲ್ಲಿ ನಿಮಗೆ ಪೇಟಿಯ ಸಂಗತಿ ಒಂದು ಹೇಳಬೇಕು. ಅದು ಯುರೋಪಿನಿಂದ ಬಂದ ವಾದ್ಯ. ಒಂದು ಮನೆಗೆ ಒಂದೇ ಸ್ವರ. ಎರಡು ಸ್ವರಗಳ ನಡುವೆ ಜಾರುವುದು ಅದಕ್ಕೆ ಆಗದು. ನಮ್ಮ ರಾಗಗಳ ಸೂಕ್ಷ್ಮ ಶ್ರುತಿ ಇದರಲ್ಲಿ ಕೆಡುತ್ತದೆ ಎಂದು 1940ರಲ್ಲಿ ಆಕಾಶವಾಣಿಯಿಂದ ಪೇಟಿಯನ್ನು ಹೊರಗಿಟ್ಟರು. 1971ರವರೆಗೂ ಅದಕ್ಕೆ ಅಲ್ಲಿ ಪ್ರವೇಶವಿರಲಿಲ್ಲ. ಗುಡಿಯ ಭಜನೆಯಲ್ಲಿ, ನಾಟಕದ ಕಂಪನಿಗಳಲ್ಲಿ ಮಾತ್ರ ಜನ ಅದನ್ನು ಕೈಬಿಡಲಿಲ್ಲ. ಗವಾಯಿಗಳು ಈ ಕಥೆ ಹೇಳಿದಾಗ ಪೇಟಿಯ ಪರವಾಗಿ ನನಗೆ ಎಷ್ಟು ಸಿಟ್ಟು ಬಂದಿತ್ತು! ‘ಶ್ರುತಿ ಕೆಡುತ್ತದೆ, ಸುಮ್ಮನಿರು’ ಎಂದು 31 ವರ್ಷ ಕೇಳಿಸಿಕೊಂಡ ವಾದ್ಯವನ್ನು ತೊಡೆಯ ಮೇಲೆ ಇಟ್ಟುಕೊಂಡು ನಾನು ಅದೇ ಮಾತನ್ನು ಇನ್ನೊಬ್ಬರಿಗೆ ಹೇಳಿದ್ದೆ. ಅವತ್ತು ಅವರ ಸ್ವರ ತಪ್ಪಿತ್ತೋ, ನನ್ನ ಪೇಟಿಯಲ್ಲಿ ಅದಕ್ಕೆ ಮನೆ ಇರಲಿಲ್ಲವೋ, ಈಗ ಹೇಗೆ ಹೇಳಲಿ?

ಚಿಕಿತ್ಸೆಯ ಹುಡುಗಿಗೆ ನಡೆದದ್ದನ್ನು ಹೇಳಿದೆ. ಸಾವಿರ ಸಲ ಹೇಳಿ ಪಳಗಿದ ಮಾತು, ಎಣಿಕೆ, ವಾರದ ಹೆಸರು, ಪ್ರಾರ್ಥನೆ ಇಂಥವು ಎಷ್ಟೋ ಸಲ ಉಳಿದಿರುತ್ತವೆ, ಅದರಲ್ಲೂ ಧಾಟಿ ಇದ್ದರೆ ಸುಲಭ ಅಂದಳು. ಅವಳು ಹೇಳಿಕೊಟ್ಟಂತೆ ಶುರು ಮಾಡಿದೆವು. ನಾನು ಅವರ ಎಡಗೈ ಹಿಡಿದು, ಒಂದೊಂದು ಅಕ್ಷರಕ್ಕೆ ಒಂದೊಂದು ಸಲ ತೊಡೆಯ ಮೇಲೆ ತಟ್ಟಬೇಕು. ಮೊದಲು ಬರೀ ಗುನುಗು. ಆಮೇಲೆ ಇಬ್ಬರೂ ಕೂಡಿ ಮಾತಿಟ್ಟು ಹಾಡುವುದು. ಕೊನೆಗೆ ನಾನು ದನಿ ಇಳಿಸಿ ಅವರನ್ನೇ ಬಿಡುವುದು. ಎರಡೇ ಸ್ವರ ಸಾಕು, ಒಂದು ಮೇಲೆ, ಒಂದು ಕೆಳಗೆ. ‘ಕಮಲಾಪುರ’ದ ಧಾಟಿಗೆ ‘ನೀರು ಕೊಡು’ ಕೂಡಿಸಿದೆವು. ‘ಬೀದರ’ದ ಜಾಗಕ್ಕೆ ‘ಸಾಕಿನ್ನ’ ಬಂತು. ಮೊಮ್ಮಗಳು ಶಾಲೆಯಿಂದ ಬಂದ ಕೂಡಲೆ ಗೂಟದ ಚರ್ಮದ ಚೀಲ ಹೆಗಲಿಗೆ ಹಾಕಿಕೊಂಡು, ‘‘ಮುತ್ಯಾ, ಎಲ್ಲಿಗಿ ಚೀಟಿ?’’ ಎಂದು ಕೇಳುವಳು. ಅವರು ಹಾಡಿ ಹೇಳಿದರೆ ಮಾತ್ರ ಚೀಟಿ. ಲಂಚ ನಡೆಯುವುದಿಲ್ಲ.

ಮೊದಲ ‘ನೀರು ಕೊಡು’ ಬರಲು 26 ದಿನ ಹಿಡಿಯಿತು. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದೆ. ಕೆಲವು ದಿನ ಏನೂ ಬರುತ್ತಿರಲಿಲ್ಲ, ಇಬ್ಬರೂ ಅತ್ತು ಮಲಗುತ್ತಿದ್ದೆವು. ಅವರ ಬಲಗೈಯ ಬೆರಳು ಇವತ್ತಿಗೂ ಪೂರ್ತಿ ಬಿಡಿಸುವುದಿಲ್ಲ. ಹೊಸಬರು ಬಂದು ಅವಸರದಲ್ಲಿ ಏನಾದರೂ ಕೇಳಿದರೆ ಈಗಲೂ ‘‘ರೈಟ್’’ ಎಂದು ನಿಂತುಬಿಡುತ್ತಾರೆ. ಆದರೆ ಮನೆಯಲ್ಲಿ ಸಣ್ಣ ಸಣ್ಣ ವಾಕ್ಯಗಳು ಬಂದಿವೆ. ಎಷ್ಟೋ ವಾಕ್ಯಗಳಿಗೆ ಈಗ ಧಾಟಿಯೂ ಬೇಕಿಲ್ಲ. ಊರಿನ ಹೆಸರು ಕೇಳಿದರೆ ಮಾತ್ರ ಇನ್ನೂ ಗುಲಬರ್ಗಾ ಅನ್ನುತ್ತಾರೆ. ನಾನು ತಿದ್ದುವುದಿಲ್ಲ. ತಿದ್ದಿದ್ದು ಸಾಕು.

ಓಣಿಯ ಮಕ್ಕಳಿಗೆ ಪಾಠ ಮತ್ತೆ ಶುರುವಾಗಿದೆ. ಮೊದಲಾದರೆ ಬೇಸೂರಾದ ಮಗುವಿಗೆ ‘ನೀನು ಸುಮ್ಮನೆ ಕೇಳು’ ಅನ್ನುತ್ತಿದ್ದೆ. ಈಗ ಅನ್ನುವುದಿಲ್ಲ, ಪಕ್ಕದಲ್ಲಿ ಕೂಡಿಸಿಕೊಂಡು ಅದರ ಸ್ವರಕ್ಕೆ ನಾನೇ ಇಳಿಯುತ್ತೇನೆ. ಸ್ವಲ್ಪ ಹೊತ್ತಿಗೆ ಅದು ನನ್ನ ಜೊತೆ ಏರಿ ಬರುತ್ತದೆ. ಬರದಿದ್ದರೂ ಏನಂತೆ? ಅಜ್ಜ ಅಜ್ಜಿಯರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಹಿಂದೆ ಎಂದೋ ‘ನಿನ್ನ ದನಿ ಚೆನ್ನಾಗಿಲ್ಲ’ ಅಂದಿದ್ದರೆ, ಇವತ್ತೇ ಹೋಗಿ ಆ ಮಾತು ವಾಪಸು ತೆಗೆದುಕೊಳ್ಳಿ. ನೀವು ಮರೆತಿರುತ್ತೀರಿ, ಕೇಳಿಸಿಕೊಂಡವರು ಮರೆತಿರುವುದಿಲ್ಲ.

ಹೋದ ವಾರದ ಮಾತು. ಸಂಜೆ ದೀಪ ಹಚ್ಚಿ ಪೇಟಿ ತೆಗೆದೆ. ಯಜಮಾನರು ಅದೇ ಗೋಡೆಗೆ ಒರಗಿ ಕೂತಿದ್ದರು. ನಾನು ಅಪ್ಪ ಹಾಡುತ್ತಿದ್ದ ಒಂದು ತತ್ವಪದ ಎತ್ತಿಕೊಂಡೆ. ಎರಡನೆಯ ನುಡಿಗೆ ಹಿಂದಿನಿಂದ ಒಂದು ದನಿ ಕೂಡಿತು. ದಪ್ಪ ದನಿ, ನನ್ನ ಸ್ವರಕ್ಕಿಂತ ಒಂದಿಷ್ಟು ಆಚೆ. ನಾನು ನುಡಿಸುತ್ತಲೇ ಇದ್ದೆ. ಪದ ಮುಗಿದ ಮೇಲೆ ಅವರು ನನ್ನ ಕಡೆ ನೋಡಿ, ಎಡಗೈಯಿಂದ ತೊಡೆ ತಟ್ಟುತ್ತ, ಒಂದೊಂದೇ ಅಕ್ಷರ ಬಿಡಿಸಿ ಕೇಳಿದರು.

‘‘ಶ್ರು... ತಿ... ಕೆಡ್ತ... ದ?’’

ಕಣ್ಣಲ್ಲಿ ಹಳೆಯ ತುಂಟ ನಗು. 38 ವರ್ಷದ ಬಾಕಿ ವಸೂಲಿಗೆ ಬಂದ ಕಂಡಕ್ಟರ್.

‘‘ಇಲ್ರಿ’’ ಅಂದೆ. ‘‘ರೈಟ್, ರೈಟ್. ಹೋಗೋಣು.’’

ಪೇಟಿಯ ಬತ್ತಿ ಎಳೆದು ಮುಂದಿನ ಪದಕ್ಕೆ ಗಾಳಿ ತುಂಬಿದೆ.